ನನ್ನ ಸಹಿ, ನಿನ್ನ ಮುಖ

ಫೆಬ್ರುವರಿ ೬

ಪುಟ್ಟೀ,

ಮೊದಲು ಕೂತುಕೋ, ಆಮೇಲೆ ಓದು. ಕೆಲಸ ಸಿಕ್ಕಿತು! ನಿಮ್ಮ ಊರಿನ ಆ ಹಲ್ಲಿನ ಲ್ಯಾಬಿನವರು ನಾನು ಕಳಿಸಿದ್ದ ಪಿಂಗಾಣಿ ಹಲ್ಲುಗಳನ್ನು ನಿಜವಾದ ಹಲ್ಲುಗಳ ಪಕ್ಕ ಇಟ್ಟು ನೋಡಿದರಂತೆ. ಯಾವುದು ಕಟ್ಟಿದ್ದು, ಯಾವುದು ಹುಟ್ಟಿದ್ದು ಎಂದು ಗೊತ್ತಾಗಲಿಲ್ಲವಂತೆ. ಅಪ್ಪ ಇದ್ದಿದ್ದರೆ ನನ್ನೆದುರು "ಹೂಂ, ಪರವಾಗಿಲ್ಲ" ಎಂದು ಹೇಳಿ, ಹೊರಗೆ ಹೋಗಿ ಬೀದಿಗೆಲ್ಲ ಸಾರಿ ಬರುತ್ತಿದ್ದರು.

ಆದರೆ ಒಂದು ತೊಡಕಿದೆ. ಅವರಲ್ಲಿ ಸಂಬಳವನ್ನು ಕೈಗೆ ಕೊಡುವ ಪದ್ಧತಿಯಿಲ್ಲ, ಬ್ಯಾಂಕಿಗೇ ಹಾಕುತ್ತಾರೆ. ಅಲ್ಲಿನ ಖಾತೆಯ ನಂಬರು ಕೊಟ್ಟರೆ ನೇಮಕದ ಪತ್ರ, ನೇಮಕದ ಪತ್ರ ತೋರಿಸಿದರೆ ವೀಸಾ. ಅಂದರೆ ಕಾಲಿಡುವ ಮೊದಲೇ ಆ ದೇಶದಲ್ಲಿ ನನ್ನ ಖಾತೆ ಇರಬೇಕು. ಬ್ಯಾಂಕಿಗೆ ಬರೆದು ಕೇಳಿದೆ. ಅರ್ಜಿಯನ್ನು ಅಂಚೆಯಲ್ಲಿ ಕಳಿಸಿದರೆ ಸಾಕಂತೆ, ಆದರೆ ಪಾಸ್‌ಬುಕ್ ಕೊಡುವ ಮುಂಚೆ ಆಳನ್ನು ಒಮ್ಮೆ ಕಣ್ಣಾರೆ ನೋಡಬೇಕಂತೆ. ನಾಲ್ಕು ದಿನದ ಮಟ್ಟಿಗೆ ಬಂದು ಹೋಗಿ ಎಂದು ಬರೆದಿದ್ದಾರೆ, ನಾನೇನೋ ಪಕ್ಕದ ಬೀದಿಯಲ್ಲಿರುವ ಹಾಗೆ.

ಹದಿಮೂರು ವರ್ಷದಿಂದ ನನ್ನ ಮುಖವೇ ಅಲ್ಲಿ ಓಡಾಡಿಕೊಂಡಿರುವಾಗ ವಿಮಾನದ ಖರ್ಚು ಯಾಕೆ ಹೇಳು? ನೀನೇ ನಾನಾಗಿ ಹೋಗಿ ಬಾ. ನನ್ನ ಬದಲು ಚುಚ್ಚುಮದ್ದು ಚುಚ್ಚಿಸಿಕೊಂಡು ತೋಳು ಊದಿಸಿಕೊಂಡವಳು ನೀನು, ನಿನ್ನ ಬದಲು ಬಾಯಿಪಾಠದ ಪರೀಕ್ಷೆಗೆ ನಿಂತು ಬಂದವಳು ನಾನು. ಬ್ಯಾಂಕು ಯಾವ ಲೆಕ್ಕ? ಹುಟ್ಟಿದ ದಿನ ಕೇಳಿದರೆ ನಿನ್ನದೇ ಹೇಳು. ತಾಯಿಯ ಹೆಸರು ಕೇಳಿದರೂ ನಿನ್ನ ತಾಯಿಯದೇ ಹೇಳು. ನಗಬೇಕಾಗಿ ಬಂದರೆ ಧೈರ್ಯವಾಗಿ ನಗು. ಮೆಟ್ಟಿಲಿಂದ ಉರುಳಿ ಮುರಿದುಕೊಂಡೆಯಲ್ಲ, ಆ ಮುಂದಿನ ಎರಡು ಹಲ್ಲು ಹೇಗೂ ನಾನೇ ಕಟ್ಟಿದ್ದು, ಅದೂ ನಾನು ಕಟ್ಟಿದ ಮೊಟ್ಟಮೊದಲ ಹಲ್ಲುಗಳು.

ಅರ್ಜಿ, ಪಾಸ್‌ಪೋರ್ಟಿನ ನಕಲು, ಮಾದರಿ ಸಹಿಯ ಕಾರ್ಡು ಎಲ್ಲ ಇದರ ಜೊತೆಗಿವೆ. ಸಹಿಯನ್ನು ನೋಟರಿಯ ಮುಂದೆ ಹಾಕಿದ್ದೇನೆ. ನೀನು ಅಲ್ಲಿ ಪೆನ್ನು ಮುಟ್ಟಲೇಬೇಡ, ನಿನ್ನ ಅಕ್ಷರ ಬ್ರಹ್ಮನಿಗೂ ಓದಲಾಗದು.

ಒಂದೇ ಕೋಣೆಯಲ್ಲಿ ನಾವಿಬ್ಬರೂ ಮತ್ತೆ ಮಲಗುತ್ತೇವೆಂದರೆ ನನಗೆ ನಂಬಿಕೆಯೇ ಬರುತ್ತಿಲ್ಲ. ಅಪ್ಪ ಹೋದ ಮೇಲೆ ಈ ಮನೆಯಲ್ಲಿ ಮಾತಾಡಲು ನನಗೆ ಇರುವುದು ರೇಡಿಯೋ ಒಂದೇ. ನಿನ್ನ ಗಂಡನಿಗೆ ನನ್ನ ನಮಸ್ಕಾರ ತಿಳಿಸು, ಗೊರಕೆ ಹೊಡೆಯುವ ಅತ್ತಿಗೆ ಬರುತ್ತಿದ್ದಾಳೆಂದು ಎಚ್ಚರಿಕೆಯನ್ನೂ ಕೊಡು.

ಹತ್ತು ನಿಮಿಷಕ್ಕೆ ದೊಡ್ಡವಳಾದ
ಅಕ್ಕ


ಮಾರ್ಚ್ ೩

ಅಕ್ಕಾ,

ನಿನ್ನ ಖಾತೆ ತೆರೆಯಿತು. ನಂಬರನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಪಾಸ್‌ಬುಕ್ ನನ್ನ ಬಟ್ಟೆಯ ಬೀರುವಿನಲ್ಲಿದೆ.

ಬೈತಲೆಯನ್ನು ನಿನ್ನ ಹಾಗೆ ಬಲಗಡೆಗೆ ತೆಗೆದುಕೊಂಡು ಹೋಗಿದ್ದೆ. ಕೌಂಟರಿನಲ್ಲಿ ಬೆಕ್ಕಿನ ಕಣ್ಣಿನ ಹುಡುಗಿಯೊಬ್ಬಳಿದ್ದಳು. ಫೋಟೋ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ಕೊನೆಗೆ ಅವಳು ಕೇಳಿದ್ದು ಇಷ್ಟೇ.

"ಏನ್ ಕೆಲಸ ಮಾಡ್ತೀರಿ ನೀವು?"

"ಹಲ್ಲು ಕಟ್ತೀನಿ" ಅಂದೆ.

"ಅಯ್ಯೋ, ಎಂಥಾ ಕೈ ಇರ್ಬೇಕು ನಿಮ್ದು! ಎಲ್ಲಿ, ತೋರ್ಸಿ ನೋಡೋಣ" ಎಂದು ನಿಜವಾಗಿಯೂ ನನ್ನ ಕೈ ಹಿಡಿದು ನೋಡಿದಳು. ಲಾಂಡ್ರಿಯ ಸೋಪಿಗೆ ಬೆರಳೆಲ್ಲ ಒಡೆದಿದ್ದವು. ಅದನ್ನೂ ಹಲ್ಲಿನ ಕೆಲಸದ ಗುರುತು ಎಂದುಕೊಂಡಳೋ ಏನೋ. ಎದ್ದು ಬರುವಾಗ ಬಾಗಿಲವರೆಗೆ ಬಂದು ಕಳಿಸಿದಳು. ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಯಾರೂ ಬಾಗಿಲವರೆಗೆ ಕಳಿಸಿರಲಿಲ್ಲ.

ಬರುವಾಗ ನಿನ್ನ ಲ್ಯಾಬಿನ ಬೀದಿಯಿಂದಲೇ ನಡೆದುಬಂದೆ. ನೆಲದ ಮಟ್ಟದಲ್ಲೇ ದೊಡ್ಡ ಕಿಟಕಿಗಳಿವೆ. ಒಳಗೆ ಐದಾರು ಮಂದಿ ದೀಪದ ಕೆಳಗೆ ಬಗ್ಗಿ ಕೂತಿದ್ದರು. ಒಂದು ಕುರ್ಚಿ ಖಾಲಿ ಇತ್ತು. ಬಹಳ ಹೊತ್ತು ನಿಂತಿದ್ದೆ.

ಇವರಿಗೆ ನಿನ್ನ ನಮಸ್ಕಾರ ತಿಳಿಸಿದೆ. ಕೆಲಸದ ಮೇಲೆ ಊರೂರು ತಿರುಗುತ್ತಿರುತ್ತಾರೆ, ಮನೆಯಲ್ಲಿ ಇರುವುದೇ ಅಪರೂಪ. ಗೊರಕೆಗೆ ಅಡ್ಡಿಯಿಲ್ಲವಂತೆ.

ನಿನ್ನ
ಪುಟ್ಟಿ


ಮಾರ್ಚ್ ೨೪

ಪುಟ್ಟೀ,

ನೀನು ಮಾಡಿದ ಉಪಕಾರಕ್ಕೆ ನಿನಗೆ ಏನು ಕೊಟ್ಟರೂ ಕಡಿಮೆ. ಬಂದ ಮೇಲೆ ಒಂದು ತಿಂಗಳು ಅಡಿಗೆ ನನ್ನದು, ಪಾತ್ರೆಯೂ ನನ್ನದು. ಲಾಂಡ್ರಿಯಿಂದ ಬಂದು ನೀನು ಕಾಲು ಚಾಚಿ ಕೂತರೆ ಸಾಕು.

ಈಗ ಇನ್ನೊಂದು ಸಂಕಟ. ನೇಮಕದ ಪತ್ರ ಬಂತು, ಆದರೆ ಏಪ್ರಿಲ್ ಎರಡನೆಯ ವಾರದೊಳಗೆ ಹಾಜರಾಗಬೇಕು, ಇಲ್ಲದಿದ್ದರೆ ಮುಂದಿನವರನ್ನು ಕರೆಯುತ್ತೇವೆ ಎಂದಿದ್ದಾರೆ. ವೀಸಾಕ್ಕೆ ಜೂನ್ ಆದರೂ ಆಗುತ್ತದೆ ಎಂದು ಇಲ್ಲಿಯ ಕಚೇರಿಯವರು ಹೇಳುತ್ತಾರೆ. ನಾನು ಪತ್ರ ಬರೆದು, ಅದು ಮುಟ್ಟಿ, ಉತ್ತರ ಬರುವಷ್ಟರಲ್ಲಿ ದಿನ ಮೀರಿರುತ್ತದೆ. ನೀನೇ ಹೋಗಿ ಲ್ಯಾಬಿನ ಮುಖ್ಯಸ್ಥರ ಕೈಕಾಲು ಹಿಡಿದು ಸ್ವಲ್ಪ ಕಾಲಾವಕಾಶ ಕೇಳಬೇಕು. ಈ ಸಲ ನೀನಾಗಿಯೇ ಹೋಗು, ನನ್ನ ತಂಗಿ ಎಂದು ಹೇಳಿಕೊಂಡು. ಮುಖ ನೋಡಿ ಗಾಬರಿಯಾದರೆ ಅವಳಿ ಎಂದು ಹೇಳು, ನಕ್ಕು ಕರಗುತ್ತಾರೆ.

ಈ ಕೆಲಸ ತಪ್ಪಿದರೆ ನನಗೆ ಹಿಂದಕ್ಕೆ ದಾರಿಯಿಲ್ಲ, ತಿಳಿದಿರಲಿ. ಅಪ್ಪನ ಲ್ಯಾಬಿನ ಕೋಣೆಯನ್ನು ಬಿಟ್ಟುಕೊಡುತ್ತೇನೆಂದು ಮಾಲೀಕರಿಗೆ ಹೇಳಿಯಾಗಿದೆ. ಪಕ್ಕದ ಕೀಲಿ ಮಾಡುವವರು ಅಳತೆ ತೆಗೆದುಕೊಂಡು ಹೋದರು.

ನಿನ್ನ ಗಂಡನಿಗೆ ಮತ್ತೆ ನಮಸ್ಕಾರ.

ಅಕ್ಕ


ಏಪ್ರಿಲ್ ೧೯

ಅಕ್ಕಾ,

ಲ್ಯಾಬಿಗೆ ಹೋಗಿದ್ದೆ. ಮುಖ್ಯಸ್ಥರು ಬಹಳ ಒಳ್ಳೆಯವರು, ವಯಸ್ಸಾದವರು. ವೀಸಾ ಎಂದರೆ ಹಾಗೇ, ನಿಧಾನಕ್ಕೆ ಬರಲಿ ಎಂದರು. ನೀನು ಸ್ವಲ್ಪವೂ ಅವಸರ ಮಾಡಬೇಡ. ಒಂದು ಮಾತು, ಅವರಿಗೆ ನೇರವಾಗಿ ಪತ್ರ ಬರೆಯಬೇಡ. ಮೇಲಿಂದ ಮೇಲೆ ಬರೆಯುವವರನ್ನು ಕಂಡರೆ ಅವರಿಗೆ ಆಗುವುದಿಲ್ಲವಂತೆ. ಏನಿದ್ದರೂ ನನಗೆ ಬರೆ, ನಾನು ಹೇಳುತ್ತೇನೆ.

ಅಲ್ಲಿ ನಿಂತು ಕೆಲಸ ನೋಡುತ್ತಿದ್ದಾಗ ಹಳೆಯದೆಲ್ಲ ನೆನಪಾಯಿತು. ಅಪ್ಪ ನಮ್ಮಿಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ ಕಲಿಸುತ್ತಿದ್ದದ್ದು, ನನ್ನದು ಪ್ರತಿ ಸಲ ಬಿರಿಯುತ್ತಿದ್ದದ್ದು. ಸುಮ್ಮನೆ ಕುತೂಹಲಕ್ಕೆ ಕೇಳುತ್ತೇನೆ, ಮುಂದಿನ ಹಲ್ಲಿನ ತುದಿ ಬೂದು ಬಣ್ಣಕ್ಕೆ ತಿರುಗದಂತೆ ನೀನು ಏನು ಮಾಡುತ್ತಿದ್ದೆ? ಪುಡಿ ಕಲಸುವಾಗ ನೀರು ಎಷ್ಟು? ನಿನ್ನ ಬ್ರಷ್ ಯಾವ ನಂಬರಿನದು? ವಿವರವಾಗಿ ಬರೆ. ಸಂಜೆ ಓದಿಕೊಂಡು ಕೂತರೆ ನಿನ್ನ ಜೊತೆ ಮಾತಾಡಿದ ಹಾಗಾಗುತ್ತದೆ.

ಇವರು ಮತ್ತೆ ಊರಲ್ಲಿಲ್ಲ. ಬಂದ ಕೂಡಲೇ ತಿಳಿಸುತ್ತೇನೆ.

ಪುಟ್ಟಿ


ಮೇ ೧೦

ನನ್ನ ಪುಟ್ಟೀ,

ನಿನ್ನ ಪತ್ರ ಓದಿ ಅಡಿಗೆಮನೆಯಲ್ಲೇ ಕೂತು ಅತ್ತೆ. ದುಃಖಕ್ಕಲ್ಲ. ಕಾಲಾವಕಾಶ ಸಿಕ್ಕಿದ್ದಕ್ಕೆ ಒಂದಿಷ್ಟು, ನೀನು ಹಲ್ಲಿನ ವಿಷಯ ಕೇಳಿದ್ದಕ್ಕೆ ಇನ್ನೊಂದಿಷ್ಟು. ಇಪ್ಪತ್ತು ವರ್ಷ ಈ ಕೆಲಸ ಮಾಡಿದ್ದೇನೆ, ಮನೆಯವರೊಬ್ಬರು ಹೇಗೆ ಮಾಡುತ್ತೀಯ ಎಂದು ಕೇಳಿದ್ದು ಇದೇ ಮೊದಲು.

ಸರಿ, ಕೇಳು. ತುದಿ ಬೂದು ಬಣ್ಣಕ್ಕೆ ತಿರುಗುವುದು ಒಳಗಿನ ಬಣ್ಣದ ಪದರವನ್ನು ಅಂಚಿಗೆ ಬರುವ ಮೊದಲೇ ನಿಲ್ಲಿಸಿದಾಗ. ಹೊರಗಿನ ಪದರ ಗಾಜಿನ ಹಾಗಿರುತ್ತದೆ, ಅದರ ಹಿಂದೆ ಏನೂ ಇಲ್ಲದಿದ್ದರೆ ಬಾಯಿಯೊಳಗಿನ ಕತ್ತಲೆಯೇ ಕಾಣುತ್ತದೆ. ಅದಕ್ಕೇ ಒಳಪದರವನ್ನು ಅಂಚಿನವರೆಗೂ ತಂದು, ಆಮೇಲೆ ಬೆರಳುಗಳ ಹಾಗೆ ಮೂರು ಸೀಳು ಮಾಡಿ, ಸೀಳುಗಳ ನಡುವೆ ಗಾಜಿನ ಪುಡಿ ತುಂಬಬೇಕು. ನೀರು ಇಷ್ಟೇ ಎಂದು ಹೇಳಲು ಬರುವುದಿಲ್ಲ. ಕಲಸಿದ್ದು ಬ್ರಷ್ಷಿನ ತುದಿಯಲ್ಲಿ ನಿಲ್ಲಬೇಕು, ಬೀಳಬಾರದು, ಅಂಟಲೂಬಾರದು. ಇಟ್ಟ ಮೇಲೆ ಬಟ್ಟೆಯಿಂದ ನೀರನ್ನು ಹೀರಿ ತೆಗೆ. ನಿನ್ನದು ಬಿರಿಯುತ್ತಿದ್ದದ್ದು ಅದಕ್ಕೇ, ನಿನಗೆ ಹೀರುವಷ್ಟು ತಾಳ್ಮೆ ಇರಲಿಲ್ಲ, ಒದ್ದೆಯಾಗಿರುವಾಗಲೇ ಸುಡಲು ಫರ್ನೇಸಿಗೆ ತಳ್ಳುತ್ತಿದ್ದೆ. ಅಪ್ಪ ಬೈದರೆ ನನ್ನ ಹಿಂದೆ ಅಡಗುತ್ತಿದ್ದೆ.

ಬ್ರಷ್ ನಂಬರು ಯಾಕೆ, ಬ್ರಷ್ಷನ್ನೇ ಕಳಿಸುತ್ತಿದ್ದೇನೆ. ಕನ್ನಡಕದ ಡಬ್ಬಿಯಲ್ಲಿಟ್ಟಿದ್ದೇನೆ. ನನ್ನ ಕೈಗೆ ಒಗ್ಗಿದ್ದು ಅದೊಂದೇ. ನಾನು ಬರುವವರೆಗೆ ನಿನ್ನ ಹತ್ತಿರ ಇರಲಿ, ಪ್ರಯಾಣದ ಗಡಿಬಿಡಿಯಲ್ಲಿ ಕಳೆದುಹೋದರೆ ಕಷ್ಟ. ಬಂದ ಮೇಲೆ ನಿನಗೂ ಮತ್ತೆ ಕಲಿಸುತ್ತೇನೆ. ಮುಖ್ಯಸ್ಥರನ್ನು ಕೇಳಿ ಸಹಾಯಕಿಯಾಗಿ ಸೇರಿಸಿಕೊಂಡರೆ ಲಾಂಡ್ರಿ ಬಿಡಬಹುದು ನೀನು.

ಲ್ಯಾಬಿನ ಕೋಣೆ ಖಾಲಿ ಮಾಡಿದೆ. ಫರ್ನೇಸ್ ಮಾರಿದೆ. ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರವೇ ಇಟ್ಟಿದ್ದೇನೆ, ದಿನವೂ ಎಡವುತ್ತೇನೆ. ಜೂನ್ ಮೂರನೆಯ ವಾರ ವೀಸಾ ಕಚೇರಿಯಲ್ಲಿ ಸಂದರ್ಶನ.

ನಿನ್ನ ಗಂಡನಿಗೆ ನಮಸ್ಕಾರ. ಅವನಿಗೆ ಅಲ್ಲಿ ಸಿಗದ ವಸ್ತು ಏನಾದರೂ ಬೇಕಿದ್ದರೆ ಬರೆ.

ಅಕ್ಕ


ಜೂನ್ ೨೦

ತಂಗಿಗೆ,

ಬ್ರಷ್ ಮುಟ್ಟಿತೋ ಇಲ್ಲವೋ ಎಂದು ಬರೆಯಲಿಲ್ಲ ನೀನು. ಮುಟ್ಟಿರುತ್ತದೆ. ಕೆಲಸಕ್ಕೂ ಬಂದಿರುತ್ತದೆ.

ನಿನ್ನೆ ವೀಸಾ ಕಚೇರಿಗೆ ಹೋಗಿದ್ದೆ. ಅಧಿಕಾರಿ ನನ್ನ ನೇಮಕದ ಪತ್ರ, ಬ್ಯಾಂಕ್ ಖಾತೆಯ ನಂಬರು, ನಿನ್ನ ವಿಳಾಸ ಎಲ್ಲ ನೋಡಿದರು. ಎಲ್ಲ ಸರಿಯಿದೆ, ಒಂದು ಸಲ ಲ್ಯಾಬಿನವರನ್ನು ಫೋನಿನಲ್ಲಿ ವಿಚಾರಿಸಿಬಿಡುತ್ತೇನೆ, ಇದು ಎಲ್ಲರಿಗೂ ಮಾಡುವುದೇ ಎಂದರು. ನಾನು ತಲೆಯಾಡಿಸಿದೆ. ಕಿಟಕಿಯ ಹೊರಗೆ ಯಾರೋ ಗಿಡಕ್ಕೆ ನೀರು ಹಾಕುತ್ತಿದ್ದರು, ಅದನ್ನು ನೋಡುತ್ತ ಕೂತಿದ್ದೆ. ಅಧಿಕಾರಿ ನನ್ನ ಹೆಸರು ಹೇಳಿದರು, ಆ ಕಡೆಯವರು ಏನೋ ಹೇಳಿದರು, ಇವರು ನನ್ನ ಹೆಸರನ್ನು ಅಕ್ಷರ ಬಿಡಿಸಿ ಮತ್ತೆ ಹೇಳಿದರು. ಫೋನಿಟ್ಟು ನನ್ನ ಕಡೆ ತಿರುಗಿದರು.

"ನೀವು ಏಪ್ರಿಲ್‌ನಿಂದ ಅಲ್ಲೇ ಕೆಲಸ ಮಾಡ್ತಿದೀರಂತಲ್ಲ?"

"ಇಲ್ಲ ಸಾರ್, ನಾನಿನ್ನೂ ಹೋಗೇ ಇಲ್ಲ."

"ಸಂಬಳ ನಿಮ್ಮ ಖಾತೆಗೆ ಬರ್ತಿದೆಯಂತೆ. ಈಗ ತಾನೇ ಊಟಕ್ಕೆ ಎದ್ದು ಹೋದ್ರಂತೆ ನೀವು."

ನನಗೆ ಮೊದಲು ನಗು ಬಂತು. ಏನೋ ಎಡವಟ್ಟಾಗಿದೆ, ಪುಟ್ಟಿಗೆ ಬರೆದರೆ ಸರಿ ಮಾಡಿಸುತ್ತಾಳೆ ಎಂದುಕೊಂಡೆ. ನಿನ್ನನ್ನು ನಾನು ನಂಬಿದ್ದು ಹೀಗೆ ನೋಡು, ಎದೆಗೆ ಚೂರಿ ಹಾಕುವಾಗಲೂ ಹಿಡಿಯನ್ನು ನಿನ್ನ ಕೈಗೇ ಕೊಡಲು ಹೊರಟಿದ್ದೆ. ಆಮೇಲೆ ಒಂದೊಂದೇ ನೆನಪಾಯಿತು. ಬೂದು ಬಣ್ಣದ ತುದಿ, ನೀರು ಎಷ್ಟು, ಬ್ರಷ್ ಯಾವುದು, ಅವರಿಗೆ ಪತ್ರ ಬರೆಯಬೇಡ.

ಅಧಿಕಾರಿ ಕೇಳಿದರು, "ಹಾಗಾದ್ರೆ ಅಲ್ಲಿರೋರು ಯಾರು?" ನನ್ನ ತಂಗಿ ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ಸಂಜೆಯೊಳಗೆ ನಿನ್ನ ಬಾಗಿಲಿಗೆ ಪೊಲೀಸರು ಬಂದಿರುತ್ತಿದ್ದರು. ನಾಲಿಗೆಯ ತುದಿಯವರೆಗೆ ಬಂತು, ಹೇಳಲಾಗಲಿಲ್ಲ. ಗೊತ್ತಿಲ್ಲ ಎಂದೆ. ಅಲ್ಲಿರುವವಳೇ ನಿಜ, ಇಲ್ಲಿ ಕೂತಿರುವವಳು ಅವಳ ಕಾಗದಪತ್ರ ಕದ್ದ ಕಳ್ಳಿ ಎಂದು ಅವರು ತೀರ್ಮಾನಿಸಿದರು. ಐದು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ ಎಂದು ನನ್ನ ಪಾಸ್‌ಪೋರ್ಟಿನಲ್ಲಿ ಮುದ್ರೆ ಒತ್ತಿ ಕೊಟ್ಟರು. ನನ್ನ ಫೋಟೋದ ಎದುರು ಪುಟದಲ್ಲೇ ಇದೆ ಆ ಮುದ್ರೆ.

ನೀನು ನನ್ನ ಹೆಸರಿನಲ್ಲಿ ಏನು ಮಾಡಿದೆ ಎಂದು ನಿನ್ನ ಬಾಯಿಂದಲೇ ಕೇಳಬೇಕು. ಬರೆ.


ಜುಲೈ ೨೨

ಅಕ್ಕಾ,

ಎಷ್ಟು ಸಲ ಬರೆದು ಹರಿದಿದ್ದೇನೋ. ಹೇಳಿಬಿಡುತ್ತೇನೆ.

ಏಪ್ರಿಲ್‌ನಲ್ಲಿ ಹೋದದ್ದು ನೀನು ಹೇಳಿದ ಹಾಗೆ ಸಮಯ ಕೇಳಲೆಂದೇ. ಆಣೆ ಮಾಡಿ ಹೇಳುತ್ತೇನೆ. ಒಳಗೆ ಕಾಲಿಟ್ಟ ಕೂಡಲೇ ಮುಖ್ಯಸ್ಥರು ಎದ್ದು ಬಂದು ನಿನ್ನ ಹೆಸರು ಹಿಡಿದು "ಬನ್ನಿ ಬನ್ನಿ, ನಿಮಗೇ ಕಾಯ್ತಿದ್ದೆ" ಎಂದರು. ನಾನು ಅಲ್ಲ ಎನ್ನುವಷ್ಟರಲ್ಲಿ ನನ್ನ ಬಾಯಿಯನ್ನು ನೋಡಿ "ಆ ಎರಡು ಕಟ್ಟಿದ ಹಲ್ಲಲ್ವಾ? ಬೇರೆ ಯಾರಿಗೂ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತೆ. ಯಾರು ಮಾಡಿದ್ದು?" ಎಂದು ಕೇಳಿದರು. ನಾನೇ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ, ಬಾಯಿಗೆ ಬಂದುಬಿಟ್ಟಿತು. ವೀಸಾ ಗೀಸಾ ಏನೂ ಕೇಳದೆ ಕುರ್ಚಿ ಎಳೆದು ಕೂರಿಸಿದರು. ನಿನ್ನ ವೀಸಾ ಬರುವವರೆಗೆ ಕುರ್ಚಿ ಕಾಯ್ದಿಟ್ಟರಾಯಿತು, ನೀನು ಬಂದ ದಿನ ನಾನು ಏಳುತ್ತೇನೆ, ಗುರುತು ಹಿಡಿಯುವವರು ಯಾರು ಎಂದುಕೊಂಡೆ. ಆಮೇಲೆ ಏಳಲಾಗಲಿಲ್ಲ ಅಕ್ಕಾ.

ಇನ್ನೊಂದು ವಿಷಯವನ್ನೂ ಮುಚ್ಚಿಟ್ಟಿದ್ದೆ. ಇವರು ಊರೂರು ತಿರುಗುತ್ತಿಲ್ಲ. ಎರಡು ವರ್ಷವಾಯಿತು ಬಿಟ್ಟುಹೋಗಿ, ಬೇರೆ ಸಂಸಾರವಿದೆ. ಲಾಂಡ್ರಿಯೂ ಜನವರಿಯಲ್ಲಿ ಮುಚ್ಚಿತು. ನಿನ್ನ ಪತ್ರ ಬಂದಾಗ ನಾನು ಏನೂ ಇಲ್ಲದೆ ಕೂತಿದ್ದೆ. ನೀನು ಬಂದರೆ ಏನಾಗುತ್ತಿತ್ತು ಹೇಳು? ಜಾಣೆ ಅಕ್ಕ ಕೆಲಸಕ್ಕೆ ಹೋಗುತ್ತಾಳೆ, ಗಂಡ ಬಿಟ್ಟ ತಂಗಿ ಊಟದ ಡಬ್ಬಿ ಕಟ್ಟುತ್ತಾಳೆ. ಚಿಕ್ಕಂದಿನಿಂದ ನೀನು ಹಲ್ಲು ಕಟ್ಟಿದೆ, ನಾನು ಬಿರುಕು ಬಿಡಿಸಿದೆ. ಒಂದು ಸಲ, ಒಂದೇ ಒಂದು ಸಲ ಜಾಣೆಯ ಹೆಸರಿನಲ್ಲಿ ನನ್ನನ್ನು ಕರೆಯಲಿ ಎನ್ನಿಸಿತು.

ನೀನೂ ಸಾಚಾ ಅಲ್ಲ, ಕೋಪಿಸಿಕೊಳ್ಳಬೇಡ. ಇವರು ಮೊದಲು ನೋಡಲು ಬಂದದ್ದು ಯಾರನ್ನು? ನಿನ್ನನ್ನು. ನಿನಗೆ ಮದುವೆ ಬೇಡವಾಗಿತ್ತು, ನನ್ನನ್ನು ನಿನ್ನ ಜಾಗದಲ್ಲಿ ಕೂರಿಸಿದೆ. ನಿನಗೆ ಬರಬೇಕಿದ್ದದ್ದನ್ನು ನಾನು ಹದಿಮೂರು ವರ್ಷ ಅನುಭವಿಸಿದೆ. ಆಗ ಕೂರಿಸಿದವಳು ನೀನು, ಈಗ ನಾನಾಗಿಯೇ ಕೂತೆ.

ಕೆಲಸ ಕಲಿಯುತ್ತಿದ್ದೇನೆ. ನೀನು ಹೇಳಿಕೊಟ್ಟ ಹಾಗೆ ನೀರನ್ನು ಹೀರಿ ತೆಗೆಯುತ್ತೇನೆ, ಈಗ ಬಿರಿಯುವುದಿಲ್ಲ.

ಒಂದು ಕಷ್ಟವಿದೆ, ನಿನ್ನನ್ನಲ್ಲದೆ ಯಾರನ್ನು ಕೇಳಲಿ. ಇಷ್ಟು ದಿನ ನಿನ್ನ ಸಹಿ ನೋಡಿ ನೋಡಿ ಹಾಕುತ್ತಿದ್ದೆ. ಈಗ ಆ ಬೆಕ್ಕಿನ ಕಣ್ಣಿನವಳು ಕಾರ್ಡಿನ ಸಹಿಗೆ ಹೊಂದುತ್ತಿಲ್ಲ ಎಂದು ವಾಪಸು ಕಳಿಸುತ್ತಿದ್ದಾಳೆ. ಇದರ ಜೊತೆ ಹಣ ತೆಗೆಯುವ ಖಾಲಿ ಸ್ಲಿಪ್‌ಗಳನ್ನು ಇಟ್ಟಿದ್ದೇನೆ. ಎಲ್ಲದಕ್ಕೂ ಸಹಿ ಹಾಕಿ ಕಳಿಸಿಬಿಡು, ನಿನಗೆ ಪುಣ್ಯ ಬರುತ್ತದೆ.

ಪುಟ್ಟಿ


ಆಗಸ್ಟ್ ೯

ನಿನ್ನ ಪತ್ರ ಓದಿದೆ. ತಪ್ಪಾಯಿತು ಎಂಬ ಮಾತು ಎಲ್ಲಾದರೂ ಇದೆಯೋ ಎಂದು ಹುಡುಕಿ ಮತ್ತೊಮ್ಮೆ ಓದಿದೆ. ಸ್ಲಿಪ್‌ಗಳು ಸಿಕ್ಕಿದವು.

ಮೊದಲು ಹಳೆಯ ಮಾತು. ನಿನ್ನನ್ನು ಕೂರಿಸಿದ್ದು ನಿಜ. ಆದರೆ ಅವತ್ತು ಸಂಜೆಯೇ ನಾನು ಅವನಿಗೆ ನಿಜ ಹೇಳಿದೆ, ನಿನ್ನೆದುರಿಗೇ ಹೇಳಿದೆ. ಅವನು "ಇವಳೇ ಇರಲಿ ಬಿಡಿ" ಎಂದ. ಅವನು ಹೋದ ಮೇಲೆ ಕನ್ನಡಿಯ ಮುಂದೆ ಕುಣಿದವಳು ಯಾರು? ನನ್ನ ಜಾಗದಲ್ಲಿ ಕೂತು ಕಷ್ಟಪಟ್ಟೆ ಎನ್ನಬೇಡ. ಅವನು ನಿನ್ನನ್ನೇ ನೋಡಿ, ನಿನ್ನನ್ನೇ ಒಪ್ಪಿ, ನಿನ್ನನ್ನೇ ಬಿಟ್ಟುಹೋದ. ಅವನು ಹಾಳಾಗಿ ಹೋಗಲಿ. ನನಗೆ ಉರಿಯುವುದು ಬೇರೆ. ಎರಡು ವರ್ಷ ಆ ಖಾಲಿ ಮನೆಗೆ ನಾನು ನಮಸ್ಕಾರ ಕಳಿಸುತ್ತಿದ್ದೆ, ನೀನು ತಿಳಿಸಿದೆ ಎಂದು ಬರೆಯುತ್ತಿದ್ದೆ. ಬಿಟ್ಟುಹೋದ ಎಂದು ಒಂದು ಸಾಲು ಬರೆದಿದ್ದರೆ ಪೆಟ್ಟಿಗೆಯಲ್ಲ, ಬರೀ ಕೈಯಲ್ಲಿ ಓಡಿ ಬರುತ್ತಿದ್ದೆ.

ನಿನಗೆ ಕೆಲಸವಿಲ್ಲ ಎಂದು ಹೇಳಿದ್ದರೂ ಸಾಕಿತ್ತು. ಆ ಕುರ್ಚಿಯನ್ನು ನೀನು ಬಾಯಿಬಿಟ್ಟು ಕೇಳಿದ್ದರೆ ಎದ್ದು ಕೊಡುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಕೇಳಲಿಲ್ಲವಲ್ಲ ನೀನು. ನನ್ನ ಸಹಿಯ ಖಾತೆಗೇ ಸಂಬಳ ಹಾಕಿಸಿಕೊಂಡೆ, ನನ್ನ ಕೈಯಿಂದಲೇ ಕೆಲಸ ಹೇಳಿಸಿಕೊಂಡೆ, ನನ್ನ ಬ್ರಷ್ಷನ್ನೇ ತರಿಸಿಕೊಂಡೆ. ನನ್ನ ಹಲ್ಲನ್ನು ಬಾಯಲ್ಲಿಟ್ಟುಕೊಂಡು ನಾನೇ ಮಾಡಿದ್ದು ಎಂದೆ.

ನಾನೀಗ ಎಲ್ಲಿದ್ದೇನೆ ಎಂದು ನೀನು ಕೇಳಲಿಲ್ಲ. ಪೇಟೆಯ ದೊಡ್ಡ ಲ್ಯಾಬಿನಲ್ಲಿ ಬೇರೆಯವರು ಕಟ್ಟಿದ ಹಲ್ಲಿಗೆ ಪಾಲಿಶ್ ಹಾಕುತ್ತಿದ್ದೇನೆ. ಬರುವಾಗ ಹೋಗುವಾಗ ಅಪ್ಪನ ಕೋಣೆ ಕಾಣುತ್ತದೆ, ನಮ್ಮ ಮೇಜು ಇದ್ದ ಜಾಗದಲ್ಲಿ ಕೀಲಿ ಕೊರೆಯುವ ಯಂತ್ರವಿದೆ.

ಸ್ಲಿಪ್‌ಗಳಿಗೆ ಸಹಿ ಹಾಕಿಲ್ಲ. ಹರಿದು ಹಾಕಿದೆ. ಅದರ ಬದಲು ಒಂದೇ ಕಾಗದಕ್ಕೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ, ಖಾತೆ ಮುಚ್ಚಿ ಎಂದು ಬ್ಯಾಂಕಿಗೆ ಬರೆದದ್ದು. ಅಂಚೆಯಲ್ಲಿ ಹಾಕಬಹುದಿತ್ತು. ಹಾಕಲಿಲ್ಲ. ನೀನೇ ತೆಗೆದುಕೊಂಡು ಹೋಗಿ ಕೊಡು. ಇನ್ನೊಂದೇ ಸಲ ನಾನಾಗಿ ಹೋಗು, ಹೊರಗೆ ಬರುವಾಗ ನೀನಾಗಿ ಬಾ. ಆಮೇಲೆ ಮುಖ್ಯಸ್ಥರ ಹತ್ತಿರ ನಿನ್ನ ಸ್ವಂತ ಹೆಸರು ಹೇಳು. ಆ ಹೆಸರಿನಲ್ಲೇ ಅವರು ನಿನ್ನನ್ನು ಇಟ್ಟುಕೊಂಡರೆ ಇಟ್ಟುಕೊಳ್ಳಲಿ, ನಾನು ಅಡ್ಡ ಬರುವುದಿಲ್ಲ. ಅಧಿಕಾರಿಯ ಮುಂದೆ ಬಾಯಿ ಬಿಡಲಿಲ್ಲ, ಇನ್ನೂ ಬಿಟ್ಟಿಲ್ಲ. ಸೆಪ್ಟೆಂಬರ್ ಮುಗಿಯುವವರೆಗೆ ಕಾಯುತ್ತೇನೆ.

ಅಕ್ಕ


ಸೆಪ್ಟೆಂಬರ್ ೧೨

ಅಕ್ಕಾ,

ನಿನ್ನ ಪತ್ರ ಬಂತು. ಕೆಲಸ ತುಂಬಾ ಇತ್ತು, ಉತ್ತರ ತಡವಾಯಿತು. ನೀನು ಚೆನ್ನಾಗಿದ್ದೀಯ ಎಂದು ತಿಳಿದು ಸಮಾಧಾನವಾಯಿತು.

ಇಲ್ಲೊಂದು ಫಜೀತಿಯಾಗಿದೆ, ಕೇಳಿದರೆ ನಗುತ್ತೀಯ. ಮೊನ್ನೆ ಗಟ್ಟಿ ಬ್ರೆಡ್ಡು ಕಚ್ಚುವಾಗ ನನ್ನ ಮುಂದಿನ ಎರಡು ಹಲ್ಲೂ ಕಳಚಿ ಬಂದವು. ಒಂದು ಎರಡು ಹೋಳಾಯಿತು, ಇನ್ನೊಂದನ್ನು ಗಾಬರಿಯಲ್ಲಿ ನುಂಗಿಬಿಟ್ಟೆ! ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಕೆಲಸಕ್ಕೆ ಹೋಗುತ್ತಿದ್ದೇನೆ. ಮುಖ್ಯಸ್ಥರಿಗೆ ಸಂತೋಷವೇ ಆಗಿದೆ. "ಅವೇ ನಿಮ್ಮ ಕೈಯ ಅತ್ಯುತ್ತಮ ಕೆಲಸ, ಮತ್ತೆ ಮಾಡಿ. ಎಲ್ರೂ ನಿಂತು ನೋಡ್ತೀವಿ, ಕಲಿಯೋಣ" ಎಂದಿದ್ದಾರೆ. ಮುಂದಿನ ತಿಂಗಳ ಕೊನೆಯೊಳಗೆ ಮುಗಿಸಬೇಕಂತೆ.

ನನ್ನ ಅಚ್ಚಿನ ಮೇಲೆ ಮೂರು ಸಲ ಕಟ್ಟಿದೆ. ಹಲ್ಲೇನೋ ಆಗುತ್ತದೆ, ನನ್ನ ಹಲ್ಲಾಗುವುದಿಲ್ಲ. ಎಡಗಡೆಯದರ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ ಇತ್ತು, ಅದನ್ನು ಹೇಗೆ ಇಟ್ಟೆ? ಬಣ್ಣ ಯಾವುದು, ಪದರ ಎಷ್ಟು? ಅದನ್ನು ಮಾಡಿದ್ದು ನೀನು, ನಿನಗಷ್ಟೇ ಗೊತ್ತು. ಇದೊಂದು ಸಲ ಹೇಳಿಕೊಡು ಅಕ್ಕಾ. ಆಮೇಲೆ ನೀನು ಹೇಳಿದ ಹಾಗೆ ಕೇಳುತ್ತೇನೆ.

ಸ್ಲಿಪ್ ಹರಿದದ್ದು ಹೋಗಲಿ, ಹೊಸದನ್ನು ಇಟ್ಟಿದ್ದೇನೆ.

ನಿನ್ನದೇ
ಪುಟ್ಟಿ


ಅಕ್ಟೋಬರ್ ೩

ಈ ಕಾಗದದ ಕೊನೆಯಲ್ಲಿ ನನ್ನ ಸಹಿ ಹುಡುಕಬೇಡ. ಹಾಕುವುದಿಲ್ಲ, ನೋಡಿ ಬರೆದು ಕಲಿಯುತ್ತೀಯ.

ಸೆಪ್ಟೆಂಬರ್ ಮುಗಿಯುವವರೆಗೆ ದಿನವೂ ಅಂಚೆಯವನನ್ನು ಕಾದೆ. ನಾನು ಕೊಟ್ಟ ಕಾಗದದ ಬಗ್ಗೆ ನೀನು ಒಂದಕ್ಷರ ಬರೆಯಲಿಲ್ಲ. ಅದಕ್ಕೇ ಇವತ್ತು ಬೆಳಿಗ್ಗೆ ಇನ್ನೊಂದು ಬರೆದು, ಸಹಿ ಮಾಡಿ, ನೋಟರಿಯ ಮುದ್ರೆ ಹಾಕಿಸಿ ನೇರವಾಗಿ ಬ್ಯಾಂಕಿಗೆ ಕಳಿಸಿದೆ. ತೆರೆಯಲು ಮುಖ ಬೇಕಿತ್ತು, ಮುಚ್ಚಲು ಸಹಿ ಸಾಕಂತೆ. ಒಳಗಿರುವುದನ್ನೆಲ್ಲ ನಿನ್ನ ಸ್ವಂತ ಹೆಸರಿನ ಖಾತೆಗೆ ಹಾಕಲು ಹೇಳಿದ್ದೇನೆ, ನೀನು ದುಡಿದದ್ದು ನನಗೆ ಬೇಡ. ಯಾಕೆ ಮುಚ್ಚುತ್ತಿದ್ದೀರಿ ಎಂದು ಅವರು ಕೇಳುತ್ತಾರೆ. ಖಾತೆದಾರಳು ಆ ದೇಶಕ್ಕೆ ಬರಲೇ ಇಲ್ಲ ಎಂದು ಬರೆದೆ. ಅಷ್ಟನ್ನು ಓದಿ ಅವರು ಏನು ವಿಚಾರಿಸುತ್ತಾರೋ, ನೀನು ಏನು ಉತ್ತರ ಕೊಡುತ್ತೀಯೋ ನಿನಗೆ ಬಿಟ್ಟದ್ದು. ಅಂಚೆ ಪೆಟ್ಟಿಗೆಗೆ ಹಾಕಿದ ಮೇಲೆ ಕಚೇರಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ಇನ್ನು ನಿನ್ನ ಹಲ್ಲು. ನೀನು ಕೇಳಿದ್ದೀಯ, ಕೆಲಸದ ಮಾತನ್ನು ಕೇಳಿದವರಿಗೆ ನಾನು ಯಾವತ್ತೂ ಇಲ್ಲ ಎಂದವಳಲ್ಲ. ಹೇಳುತ್ತೇನೆ.

ಅವಕ್ಕೆ ಯಾವ ಲೆಕ್ಕವೂ ಇಲ್ಲ. ಅವತ್ತು ಅಪ್ಪ ಊರಲ್ಲಿರಲಿಲ್ಲ, ನೀನು ಬಾಯಿಗೆ ಬಟ್ಟೆ ಒತ್ತಿಕೊಂಡು ಅಳುತ್ತಿದ್ದೆ. ಒಂದು ಹಲ್ಲು ಮುರಿದಿದ್ದರೆ ಪಕ್ಕದ್ದನ್ನು ನೋಡಿ ಕಟ್ಟಬಹುದಿತ್ತು. ಎರಡೂ ಹೋಗಿದ್ದವು. ಆಗ ಮೇಜಿನ ಮೇಲೆ ಕನ್ನಡಿ ಇಟ್ಟುಕೊಂಡು, ನಾನೇ ಬಾಯಿ ತೆರೆದು ಕೂತು, ನನ್ನ ಹಲ್ಲನ್ನು ನೋಡಿ ನೋಡಿ ನಿನಗೆ ಕಟ್ಟಿದೆ. ಆ ಬಿಳಿ ಚುಕ್ಕೆ ನನ್ನದರಲ್ಲಿ ಇತ್ತು, ಅದಕ್ಕೆ ನಿನ್ನದರಲ್ಲೂ ಇಟ್ಟೆ. ಇಪ್ಪತ್ತು ವರ್ಷ ನೀನು ನಕ್ಕಾಗಲೆಲ್ಲ ಕಂಡದ್ದು ನನ್ನ ಹಲ್ಲು.

ಹಾಗೇ ಮತ್ತೆ ಕಟ್ಟಬೇಕಾದರೆ ಬಣ್ಣ, ಪದರ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ನಾನು ನಿನ್ನೆದುರು ಬಂದು ಕೂತು ಬಾಯಿ ತೆರೆಯಬೇಕು, ನೀನು ನೋಡಿ ಮಾಡಬೇಕು. ನಾನು ಬರುವವಳೇ ಇದ್ದೆ.